ರೆಪ್ಪೆಯ ಗಾಯ ಮಾಯುವ ಬಗೆ

ಅಂಗಾಲಿಗೆ ಮುಳ್ಳು ನೆಟ್ಟರೆ ನೋವು ಬಹಳ, ಊತ ಸ್ವಲ್ಪ. ರೆಪ್ಪೆಗಾದರೋ ಸೊಳ್ಳೆಯೊಂದು ಕಚ್ಚಿದರೆ ಸಾಕು, ಬೆಳಗಾಗುವುದರೊಳಗೆ ಕಣ್ಣೇ ಮುಚ್ಚಿಹೋಗುತ್ತದೆ. ಈ ವ್ಯತ್ಯಾಸದ ಕಾರಣವನ್ನು ಅರಿತರೆ, ರೆಪ್ಪೆಯ ಶಸ್ತ್ರಚಿಕಿತ್ಸೆಯಾದವರ ಅರ್ಧ ಚಿಂತೆ ಕಳೆದಂತೆಯೇ.

ವಯಸ್ಸಾದಂತೆ ಮೇಲುರೆಪ್ಪೆಯ ಚರ್ಮ ಜೋತುಬೀಳುವುದುಂಟು. ಕೆಳರೆಪ್ಪೆಯಲ್ಲಿ ಕೊಬ್ಬು ಚೀಲದಂತೆ ಉಬ್ಬುವುದುಂಟು. ಹೆಚ್ಚಿನ ಚರ್ಮವನ್ನು ಕತ್ತರಿಸಿ, ಕೊಬ್ಬನ್ನು ತೆಗೆದು ಅಥವಾ ಸರಿಸಿ ಹೊಲಿಯುವ ಕ್ರಿಯೆಗೆ ಬ್ಲೆಫರೋಪ್ಲಾಸ್ಟಿ ಎಂದು ಹೆಸರು. ಚೆಲುವಿಗಾಗಿ ಇದನ್ನು ಮಾಡಿಸಿಕೊಂಡವರು ಮೂರನೆಯ ದಿನ ಕನ್ನಡಿ ನೋಡಿ, ಮುಖವೇ ಕೆಟ್ಟಿತೆಂದು ಎದೆಗುಂದುವುದು ಸಾಮಾನ್ಯ. ಈ ಅಂಜಿಕೆ ಬಹುಮಟ್ಟಿಗೆ ನಿರಾಧಾರವಾದುದು. ಆದರೆ ಅಂಜಲೇಬೇಕಾದ ಸಂದರ್ಭವೂ ಒಂದುಂಟು.

ರೆಪ್ಪೆಯ ಚರ್ಮದ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಅದರ ಅಡಿಯಲ್ಲಿ ಕೊಬ್ಬಿನ ಪದರ ಇಲ್ಲವೆನ್ನುವಷ್ಟು ತೆಳು. ಅಲ್ಲಿನ ಅಂಗಾಂಶ ಸಡಿಲವಾದುದು. ಆದುದರಿಂದ ದ್ರವವು ಸುಲಭವಾಗಿ ಶೇಖರವಾಗುತ್ತದೆ. ರಕ್ತನಾಳಗಳೂ ಅಲ್ಲಿ ಹೇರಳ. ಕಪ್ಪುಗಟ್ಟುವುದಕ್ಕೆ ಕಾರಣವಾದ ಈ ರಕ್ತಸಮೃದ್ಧಿಯೇ ಗಾಯವನ್ನು ಬೇಗ ಮಾಯಿಸುತ್ತದೆ. ಹೊಲಿಗೆಗಳನ್ನು ಸಾಮಾನ್ಯವಾಗಿ 5ರಿಂದ 7 ದಿನಗಳಲ್ಲಿ ಬಿಚ್ಚುವರು.

ಮೊದಲ ಎರಡು ಮೂರು ದಿನ ಊತ ಏರುತ್ತದೆ. ದ್ರವದ ಒತ್ತಡವು ಆಳದೊಡನೆ ಹೆಚ್ಚುತ್ತದೆಂಬ ನಿಯಮವನ್ನು ಇಲ್ಲಿ ಸ್ಮರಿಸೋಣ. ಚಪ್ಪಟೆಯಾಗಿ ಮಲಗಿದಾಗ ಅಥವಾ ಬಗ್ಗಿದಾಗ ತಲೆಯ ಅಭಿಧಮನಿಗಳಲ್ಲಿ ಒತ್ತಡ ಏರಿ ಊತ ಬೆಳೆಯುತ್ತದೆ. ಎರಡು ದಿಂಬುಗಳ ಮೇಲೆ ತಲೆಯಿಟ್ಟು ಮಲಗಬೇಕೆಂಬ, ಭಾರ ಎತ್ತಬಾರದೆಂಬ ಸಲಹೆಗಳ ಮರ್ಮ ಇದೇ. ತಣ್ಣನೆಯ ಶುಭ್ರವಾದ ಬಟ್ಟೆ ರಕ್ತನಾಳಗಳನ್ನು ಸಂಕೋಚಗೊಳಿಸುತ್ತದೆ. ಆದರೆ ಮಂಜುಗಡ್ಡೆಯನ್ನು ನೇರವಾಗಿ ಒತ್ತಬಾರದು. ಜೋಮುಹಿಡಿದ ಚರ್ಮಕ್ಕೆ ಅದರಿಂದಾಗುವ ಹಾನಿ ತಿಳಿಯದು.

ಕಪ್ಪುಕಲೆ ಹಸುರಾಗಿ, ಬಳಿಕ ಹಳದಿಯಾಗುವುದನ್ನು ಕಂಡು ಕೀವಾಯಿತೆಂದು ಹೆದರಬೇಕಾಗಿಲ್ಲ. ಸೋರಿದ ರಕ್ತದ ಹೀಮೊಗ್ಲೋಬಿನ್ ಒಡೆದು ಹಸುರಾದ ಬಿಲಿವರ್ಡಿನ್, ಅದರಿಂದ ಹಳದಿಯಾದ ಬಿಲಿರೂಬಿನ್ ಹುಟ್ಟುತ್ತವೆ. ಕಲೆ ಕೆನ್ನೆಗೆ ಇಳಿಯುವುದು ಗುರುತ್ವದ ಕೆಲಸ. ಸುಮಾರು ಎರಡು ವಾರಗಳಲ್ಲಿ ಇವು ಬಹುತೇಕ ಮಾಸುತ್ತವೆ.

ಊದಿದ ರೆಪ್ಪೆ ಪೂರ್ತಿಯಾಗಿ ಮುಚ್ಚದಿದ್ದರೆ ಕಣ್ಣೀರು ಆವಿಯಾಗಿ ಕಣ್ಣು ಉರಿಯುತ್ತದೆ. ವೈದ್ಯರು ಹೇಳಿದ ಹನಿಯನ್ನೂ ಮುಲಾಮನ್ನೂ ಬಿಡಬಾರದು. ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಗಾಯ ಗಟ್ಟಿಯಾಯಿತೆಂದು ಭಾವಿಸುವುದೂ ತಪ್ಪು. ಕೊಲಾಜೆನ್ ಎಳೆಗಳು ಹೆಣೆದುಕೊಳ್ಳಲು ಕಾಲ ಬೇಕು. ಮೂರು ವಾರಗಳಾದರೂ ಚರ್ಮದ ಗಾಯಕ್ಕೆ ಮೊದಲಿನ ಬಲದ ಮೂರನೆಯ ಒಂದಂಶವೂ ಬಂದಿರುವುದಿಲ್ಲ. ಆದುದರಿಂದ ಕಣ್ಣನ್ನು ಉಜ್ಜಲಾಗದು. ಕೆಂಪು ಗೆರೆ ಮಾಸಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ರೂಪದ ಬಗ್ಗೆ ತೀರ್ಪು ಬೇಡ.

ಇನ್ನು ಅಂಜಬೇಕಾದ ಸಂದರ್ಭ. ಕಣ್ಣುಗುಡ್ಡೆ ಕುಳಿತಿರುವುದು ಮೂಳೆಯ ಗೂಡಿನಲ್ಲಿ. ಅದರ ಹಿಂಭಾಗದಲ್ಲಿ ರಕ್ತ ಸೋರಿದರೆ ಗೂಡು ಹಿಗ್ಗಲಾರದು. ಒತ್ತಡ ಮಾತ್ರ ಏರುತ್ತದೆ. ಆಗ ದೃಷ್ಟಿನರಕ್ಕೆ ರಕ್ತ ತಲಪದು. ನೋವು ಒಂದೇ ಸಮನೆ ಹೆಚ್ಚುವುದು, ಗುಡ್ಡೆ ಮುಂದಕ್ಕೆ ಉಬ್ಬುವುದು, ನೋಟ ಮಂಕಾಗುವುದು ಇದರ ಲಕ್ಷಣಗಳು. ಇದು ವಿರಳ, ಹೆಚ್ಚಾಗಿ ಮೊದಲ 24 ಗಂಟೆಗಳೊಳಗೆ ಸಂಭವಿಸುವಂಥದು. ಬೆಳಗಾಗಲೆಂದು ಕಾಯದೆ, ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು. ಹೊಲಿಗೆ ಬಿಚ್ಚಿ ಒತ್ತಡ ಇಳಿಸಿದರೆ ದೃಷ್ಟಿ ಉಳಿಯಬಹುದು. ತಡವಾದರೆ ಶಾಶ್ವತವಾಗಿ ಹೋಗಬಹುದು.

ಬಣ್ಣಕ್ಕೂ ಊತಕ್ಕೂ ತಾಳ್ಮೆಯೇ ಮದ್ದು. ನೋಟ ಮಂಕಾದರೆ ತಾಳ್ಮೆಯೇ ಶತ್ರು.