ಹೃದಯಾಘಾತದ ಮೊದಲ ತಾಸು: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಬೆಟ್ಟಹಲಸೂರು, ರಾಜಾನುಕುಂಟೆ ಕಡೆಯ ಗ್ರಾಮಗಳಲ್ಲಿ ಯಾರಿಗಾದರೂ ತೀವ್ರ ಎದೆನೋವು ಕಾಣಿಸಿದರೆ ಮನೆಯವರಿಗೆ ಮೊದಲು ನೆನಪಾಗುವುದು ಜಯದೇವ ಆಸ್ಪತ್ರೆ. ಆದರೆ ಆ ಸಂಸ್ಥೆಯ ಮುಖ್ಯ ಆಸ್ಪತ್ರೆ ಇರುವುದು ನಗರದ ದಕ್ಷಿಣ ಭಾಗದ ಬನ್ನೇರುಘಟ್ಟ ರಸ್ತೆಯಲ್ಲಿ. ಕೆಂಪಾಪುರ ದಾಟಿ ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯಲ್ಲಿ ವಾಹನ ಸಿಲುಕಿದರೆ ಚಿಕಿತ್ಸೆಯ ಅಮೂಲ್ಯ ಸಮಯ ಅಲ್ಲಿಯೇ ಕಳೆದುಹೋಗುತ್ತದೆ.

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುವುದೇ ಹೃದಯಾಘಾತ. ವಿಳಂಬವಾದಷ್ಟೂ ಹೆಚ್ಚು ಸ್ನಾಯು ಸಾಯುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯದು. ಆದುದರಿಂದ ಆಸ್ಪತ್ರೆ ಎಷ್ಟು ದೊಡ್ಡದೆಂಬುದಕ್ಕಿಂತ ಇ.ಸಿ.ಜಿ. ಎಲ್ಲಿ ಬೇಗ ದೊರೆಯುತ್ತದೆ ಎಂಬುದು ಮುಖ್ಯ.

2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು 2023ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯ ತಿರುಳೂ ಇದೇ. ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡುತ್ತಾರೆ. ಅಗತ್ಯವೆನಿಸಿದರೆ, ಮತ್ತು ರಕ್ತಸ್ರಾವದ ಅಪಾಯವಿಲ್ಲದಿದ್ದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಿ, ಬಳಿಕ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ನೋವು ಕಡಿಮೆಯಾಯಿತೆಂದು ಮನೆಗೆ ಮರಳಬಾರದು, ಆಂಜಿಯೋಗ್ರಾಂ ಬಾಕಿಯಿರುತ್ತದೆ.

ಸಮಯ ಹೆಚ್ಚು ವ್ಯರ್ಥವಾಗುವುದು ರಸ್ತೆಗಿಂತ ಮನೆಯಲ್ಲಿ. "ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ, ಜೀರಿಗೆ ಕಷಾಯ ಕುಡಿಸುತ್ತಾ ಕಾಯುವುದು ವಾಡಿಕೆಯಾಗಿಬಿಟ್ಟಿದೆ. ಎದೆ ಬಿಗಿತ, ತೋಳು ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡೊಡನೆ 108ಕ್ಕೆ ಕರೆಮಾಡಬೇಕು. ಮಹಿಳೆಯರಲ್ಲಿ ಹಾಗೂ ಮಧುಮೇಹಿಗಳಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು.

2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಯಿಂದ ಗಾಬರಿಗೊಂಡ ಜನರು ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ತಪಾಸಣೆ ತಪ್ಪಲ್ಲ, ಆದರೆ ಒಂದು ದಿನದ ಇ.ಸಿ.ಜಿ. ಸರಿಯಿದೆಯೆಂದು ಬೀಡಿ ಮುಂದುವರಿಸಿ, ಬಿ.ಪಿ. ಮಾತ್ರೆ ನಿಲ್ಲಿಸಿದವರಿಗೆ ಅದರಿಂದ ಪ್ರಯೋಜನವಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರ ಸಲಹೆಯಿಲ್ಲದೆ ಮಾತ್ರೆ ಬಿಟ್ಟರೆ ಸ್ಟೆಂಟಿನಲ್ಲಿಯೇ ರಕ್ತ ಹೆಪ್ಪುಗಟ್ಟಬಹುದು. ದಿನದ ಉಪ್ಪು ಒಬ್ಬರಿಗೆ 5 ಗ್ರಾಂ ಮೀರದಿರಲಿ. ಹಪ್ಪಳ, ಉಪ್ಪಿನಕಾಯಿಗಳ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

ಸದಸ್ಯರು ತಮ್ಮ ವ್ಯಾಪ್ತಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಖುದ್ದು ಭೇಟಿ ನೀಡಿ, ಇ.ಸಿ.ಜಿ. ಹಾಗೂ ಈ ಚುಚ್ಚುಮದ್ದು ರಾತ್ರಿ ವೇಳೆಯಲ್ಲಿಯೂ ಲಭ್ಯವೇ ಎಂದು ವಿಚಾರಿಸಿ, ಆ ವಿವರವನ್ನು ಗ್ರಾಮಸಭೆಯಲ್ಲಿ ತಿಳಿಸಿ ಪಂಚಾಯತಿ ಸೂಚನಾ ಫಲಕದಲ್ಲಿ ಬರೆಸುವುದು. 30 ವರ್ಷ ದಾಟಿದವರ ಬಿ.ಪಿ., ಸಕ್ಕರೆ ತಪಾಸಣೆಯಿಂದ ಹೊರಗುಳಿದ ಮನೆಗಳನ್ನು ಆಶಾ ಕಾರ್ಯಕರ್ತೆಯರೊಂದಿಗೆ ಗುರುತಿಸುವುದು.