ಬೈಕಿಗೆ ಸ್ಪೀಕರ್ ಕೊಳ್ಳುವ ಮುನ್ನ

ಬೈಕಿಗೆ ಸ್ಪೀಕರ್ ಹಾಕಿಸಬೇಕೆಂದಿದ್ದೀರಾ? ಕಂಪನಿಯ ಮಾತನ್ನೂ ಕೇಳಿ, ಮೆಕ್ಯಾನಿಕ್ ಮಾತನ್ನೂ ಕೇಳಿ. ಎರಡನ್ನೂ ತೂಗಿ ನೋಡಿ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ‘ಪೀಕ್’ ವ್ಯಾಟ್ ಕ್ಷಣಮಾತ್ರದ ಶಕ್ತಿ. ಸತತವಾಗಿ ಸಿಗುವುದನ್ನು ಹೇಳುವುದು ‘ಆರ್‌ಎಂಎಸ್’ ವ್ಯಾಟ್, ಅದನ್ನೇ ಹೋಲಿಸಿ. ‘ಐಪಿಎಕ್ಸ್7’ ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿದ ಪರೀಕ್ಷೆ. ವಾಟರ್ ಸರ್ವಿಸಿನ ರಭಸಕ್ಕೆ ಅದು ಭರವಸೆಯಲ್ಲ.

ಬ್ಯಾಟರಿ, ಫ್ಯೂಸ್, ವಾರಂಟಿ ವಿಷಯದಲ್ಲಿ ಬೈಕ್ ತಯಾರಕರ ಕೈಪಿಡಿಯೇ ಪ್ರಮಾಣ. 12 ವೋಲ್ಟ್ ಬ್ಯಾಟರಿಯಿಂದ 120 ವ್ಯಾಟ್ ಎಳೆದರೆ ವೈರಿನಲ್ಲಿ 10 ಆಂಪಿಯರ್ ಹರಿಯುತ್ತದೆ. ವೈರ್ ಕತ್ತರಿಸಿ ಜೋಡಿಸೋಣ ಎನ್ನುವವರನ್ನು, ಫ್ಯೂಸ್ ಎಲ್ಲಿ ಹಾಕುತ್ತೀರಿ ಎಂದು ಮೊದಲು ಕೇಳಿ.

ಅಂಗಡಿಯಲ್ಲಿ ಇಂಪಾಗಿದ್ದದ್ದು ಹೆದ್ದಾರಿಯ ಗಾಳಿಯಲ್ಲಿ ಕೇಳಿಸದೆ ಹೋಗಬಹುದು, ಬಳಸಿದವರನ್ನು ವಿಚಾರಿಸಿ. ಹಿಂದಿನ ಲಾರಿಯ ಹಾರ್ನ್ ಮುಚ್ಚಿಹೋಗುವಷ್ಟು ಸದ್ದು ಮಾತ್ರ, ಯಾರೇ ಹೇಳಿದರೂ ಬೇಡ.