ಡಿಸ್ಕ್ ವಿಭಜನೆಗೆ ಮುನ್ನ ಬ್ಯಾಕಪ್: ಒಂದು ಪಾಠ, ಅದರ ಪುನರ್ಬೋಧನೆ

ತರಗತಿ: 9
ವಿಷಯ: ಕಂಪ್ಯೂಟರ್ ಶಿಕ್ಷಣ
ಘಟಕ: ಆಪರೇಟಿಂಗ್ ಸಿಸ್ಟಂ ಸ್ಥಾಪನೆಗೆ ಪೂರ್ವಸಿದ್ಧತೆ
ಅವಧಿ: 40 ನಿಮಿಷಗಳ ಎರಡು ಅವಧಿಗಳು

ಹಿನ್ನೆಲೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಚಿಪ್, ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಇರಬೇಕು. ಶಾಲೆಗಳಲ್ಲಿರುವ ಹಳೆಯ ಕಂಪ್ಯೂಟರ್‌ಗಳಲ್ಲಿ ಹಲವು ಈ ಷರತ್ತುಗಳನ್ನು ಪೂರೈಸುವುದಿಲ್ಲ. ಆದ್ದರಿಂದ ಅದೇ ಯಂತ್ರದಲ್ಲಿ ವಿಂಡೋಸ್ ಜೊತೆಗೆ ಉಬುಂಟು ಹಾಕಿಕೊಳ್ಳುವ ದಾರಿಯನ್ನು ಅನೇಕ ಶಿಕ್ಷಕರು ಯೋಚಿಸುತ್ತಿದ್ದಾರೆ. ಈ ಕೆಲಸ ಸಾಮಾನ್ಯವಾಗಿ ಶಾಲೆಯ 'ಕಂಪ್ಯೂಟರ್ ಗೊತ್ತಿರುವ' ಹೊಸ ಶಿಕ್ಷಕರ ಹೆಗಲಿಗೇ ಬೀಳುತ್ತದೆ. ಹಾಗಾಗಿ ಇದು ಮಕ್ಕಳಿಗೆ ಎಷ್ಟು ಅಗತ್ಯವೋ ನಮ್ಮ ಪ್ರಶಿಕ್ಷಣಾರ್ಥಿಗಳಿಗೂ ಅಷ್ಟೇ ಅಗತ್ಯವಾದ ಪಾಠ.

ಮೊದಲ ಬೋಧನೆ

ಪ್ರಶಿಕ್ಷಣಾರ್ಥಿಯ ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ಬ್ಯಾಕಪ್, ವಿಭಜನೆ, ಬೂಟ್ ಮಾಡುವುದು, ಸ್ಥಾಪನೆ, ಫೈಲುಗಳ ಮರುಜೋಡಣೆ ಎಂಬ ಐದು ಹಂತಗಳನ್ನು ಚಾರ್ಟ್‌ನಲ್ಲಿ ತೋರಿಸಿದರು, ಕಪ್ಪು ಹಲಗೆಯ ಮೇಲೆ ಬರೆದರು. ಮೌಲ್ಯಮಾಪನದಲ್ಲಿ ಮಕ್ಕಳು ಐದನ್ನೂ ಕ್ರಮವಾಗಿ ಹೇಳಿದರು. ಅವಲೋಕನ ಪತ್ರದಲ್ಲಿ ಒಳ್ಳೆಯ ಅಂಕ ಬರೆಯಲು ಅಷ್ಟೇ ಸಾಕಿತ್ತು.

ಕೊನೆಯ ಐದು ನಿಮಿಷದಲ್ಲಿ ಪ್ರಶಿಕ್ಷಣಾರ್ಥಿಯ ಒಪ್ಪಿಗೆ ಪಡೆದು ನಾನೊಂದು ಪ್ರಶ್ನೆ ಕೇಳಿದೆ: "ಬ್ಯಾಕಪ್ ಮಾಡಿದ ಫೈಲುಗಳನ್ನು ಎಲ್ಲಿ ಇಡುತ್ತೀರಿ?" ಬಹುತೇಕ ಇಡೀ ತರಗತಿ ಒಟ್ಟಿಗೆ ಹೇಳಿತು: "ಡಿ ಡ್ರೈವ್‌ನಲ್ಲಿ ಸರ್." ಪ್ರಶಿಕ್ಷಣಾರ್ಥಿಯೂ ತಲೆಯಾಡಿಸಿದರು.

ಈ ಉತ್ತರದ ಬೆಲೆ ನನಗೆ ಗೊತ್ತು. ಹಿಂದೆ ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಸಹೋದ್ಯೋಗಿಯೊಬ್ಬರು ಇದೇ ರೀತಿ ಎಲ್ಲವನ್ನೂ ಡಿ ಡ್ರೈವ್‌ಗೆ ನಕಲು ಮಾಡಿ, ನೆಮ್ಮದಿಯಿಂದ ಹೊಸ ಸಿಸ್ಟಂ ಹಾಕಲು ಕುಳಿತರು. ನಡುವೆ 'ಡಿಸ್ಕ್ ಅಳಿಸಿ ಸ್ಥಾಪಿಸು' ಎಂಬ ಆಯ್ಕೆ ಬಂತು. ಅಳಿಸುವುದು ಸಿ ಡ್ರೈವ್ ಮಾತ್ರ ಎಂದು ಅವರು ತಿಳಿದರು. ಆ ವರ್ಷದ ಆಂತರಿಕ ಮೌಲ್ಯಮಾಪನದ ಅಂಕಗಳು, ಪ್ರಶ್ನೆಪತ್ರಿಕೆಗಳು, ಹಲವು ವಾರ್ಷಿಕೋತ್ಸವಗಳ ಫೋಟೊಗಳು ಮೂಲ ಮತ್ತು ನಕಲು ಎರಡೂ ಹೋದವು. ಅಂಕಗಳನ್ನು ಉತ್ತರಪತ್ರಿಕೆ ನೋಡಿ ಮತ್ತೆ ಬರೆದೆವು. ಫೋಟೊ ಬರಲಿಲ್ಲ. ಅವರಿಗೂ ಐದು ಹಂತಗಳು ಬಾಯಿಪಾಠವಾಗಿದ್ದವು.

ತಪ್ಪು ಕಲ್ಪನೆಗಳ ವಿಶ್ಲೇಷಣೆ

ಪಾಠಾನಂತರದ ಚರ್ಚೆಯಲ್ಲಿ ಎರಡು ತಪ್ಪು ಕಲ್ಪನೆಗಳನ್ನು ಗುರುತಿಸಿದೆವು.

1. ಸಿ ಮತ್ತು ಡಿ ಎರಡು ಬೇರೆ ಬೇರೆ ಡಿಸ್ಕ್‌ಗಳು. ಪರದೆಯ ಮೇಲೆ ಎರಡು ಚಿತ್ರ, ಎರಡು ಹೆಸರು ಕಾಣುವುದರಿಂದ ಮಕ್ಕಳು ಹೀಗೆ ಭಾವಿಸುವುದು ಸಹಜ. ಒಂದೇ ಡಿಸ್ಕ್ ಇರುವ ಯಂತ್ರದಲ್ಲಿ ಇವೆರಡೂ ಆ ಡಿಸ್ಕ್‌ನ ವಿಭಾಗಗಳು ಮಾತ್ರ.

2. ಡೆಸ್ಕ್‌ಟಾಪ್ ಮೇಲಿನ ಫೈಲು ಯಾವ ಡ್ರೈವ್‌ನಲ್ಲಿಯೂ ಇಲ್ಲ, ಅದು 'ಪರದೆಯ ಮೇಲೆ' ಇದೆ. ವಾಸ್ತವದಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇವೆಲ್ಲವೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ ಬಳಕೆದಾರರ ಹೆಸರಿನ ಫೋಲ್ಡರ್ ಒಳಗಿರುತ್ತವೆ.

ಮಕ್ಕಳಿಗೆ ಹಂತಗಳ ಕ್ರಮ ಗೊತ್ತಿತ್ತು, ವಸ್ತು ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ಆದ್ದರಿಂದ ಪುನರ್ಬೋಧನೆಯನ್ನು 'ಎಲ್ಲಿದೆ?' ಎಂಬ ಪ್ರಶ್ನೆಯ ಮೇಲೆ ಕಟ್ಟಲು ನಿರ್ಧರಿಸಿದೆವು.

ಪುನರ್ಬೋಧನೆ: ಮೊದಲ ಅವಧಿ

ಪೀಠಿಕೆ: "ಒಂದು ಹೊಲಕ್ಕೆ ನಡುವೆ ಬದು ಹಾಕಿ ಅಣ್ಣ ತಮ್ಮ ಹಂಚಿಕೊಂಡರು. ಈಗ ಎಷ್ಟು ಹೊಲ?" "ಎರಡು." "ಹೊಳೆ ಉಕ್ಕಿ ಬಂದರೆ?" ಸ್ವಲ್ಪ ಹೊತ್ತು ಮೌನ. ಆಮೇಲೆ ಹಿಂದಿನ ಬೆಂಚಿನಿಂದ ಉತ್ತರ ಬಂತು: "ಎರಡೂ ಮುಳುಗ್ತಾವೆ ಸರ್." ಡಿಸ್ಕ್ ವಿಭಾಗ ಎಂದರೆ ಈ ಬದು ಎಂದು ಪ್ರಶಿಕ್ಷಣಾರ್ಥಿ ಹೇಳಿದರು. ಯಾವ ವಿಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಟ್ಟಿರುವ ವಿಭಾಗ ಪಟ್ಟಿಯನ್ನು ಪಹಣಿಗೆ ಹೋಲಿಸಿದರು.

ಚಟುವಟಿಕೆ: ಪ್ರತಿ ಗುಂಪಿಗೂ ಒಂದು ಕಾಗದದ ಪಟ್ಟಿ. 1 ಸೆಂ.ಮೀ. ಎಂದರೆ 10 ಜಿಬಿ. 500 ಜಿಬಿ ಡಿಸ್ಕ್‌ಗೆ ಪಟ್ಟಿಯ ಉದ್ದ ಎಷ್ಟು ಎಂದರೆ ಎಲ್ಲರೂ 50 ಸೆಂ.ಮೀ. ಎಂದರು. ಆದರೆ ವಿಂಡೋಸ್ ತೋರಿಸುವುದು ಸುಮಾರು 465 ಜಿಬಿ. ತಯಾರಕರು ಒಂದು ಜಿಬಿಗೆ 100 ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1024ರ ಘನದಷ್ಟು, ಅಂದರೆ 107 ಕೋಟಿಗೂ ಹೆಚ್ಚು ಬೈಟ್ ಎಂದು ಎಣಿಸುತ್ತದೆ. ಜಾಗ ಕಳುವಾಗಿಲ್ಲ, ಅಳತೆಗೋಲು ಬೇರೆ. ಈ ಲೆಕ್ಕವನ್ನು ಮಕ್ಕಳೇ ಮಾಡಿ 46.5 ಸೆಂ.ಮೀ.ಗೆ ಪಟ್ಟಿ ಕತ್ತರಿಸಿದರು. ಸಿ ಡ್ರೈವ್‌ಗೆ 20 ಸೆಂ.ಮೀ., ಉಳಿದದ್ದು ಡಿ ಡ್ರೈವ್‌ಗೆ ಎಂದು ಗೆರೆ ಎಳೆದರು. ಯುಇಎಫ್‌ಐ ಯಂತ್ರಗಳಲ್ಲಿ ಬೂಟ್ ಕಡತಗಳಿರುವ 100 ಎಂಬಿಯ ಇಎಫ್‌ಐ ವಿಭಾಗ ಈ ಅಳತೆಯಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ. ಪೆನ್ಸಿಲ್ ಗೆರೆಯಷ್ಟೂ ಇಲ್ಲ. 'ಚಿಕ್ಕದಲ್ಲವೇ' ಎಂದು ಅದನ್ನು ಅಳಿಸಿದರೆ ವಿಂಡೋಸ್ ಏಳುವುದೇ ಇಲ್ಲ.

ನಂತರ ಪ್ರತಿ ವಿದ್ಯಾರ್ಥಿಯೂ ತಾನು ಕಳೆದುಕೊಳ್ಳಲು ಇಷ್ಟಪಡದ ಒಂದು ಫೈಲಿನ ಹೆಸರನ್ನು ಚೀಟಿಯಲ್ಲಿ ಬರೆದು ಸಿ ಭಾಗದಲ್ಲಿ ಅಂಟಿಸಬೇಕು. ಅದರ ನಕಲನ್ನು ಇನ್ನೊಂದು ಚೀಟಿಯಲ್ಲಿ ಬರೆದು ತನಗೆ ಸುರಕ್ಷಿತವೆನಿಸಿದ ಕಡೆ ಇಡಬೇಕು. ಹೆಚ್ಚಿನವರು ಡಿ ಭಾಗದಲ್ಲಿ ಅಂಟಿಸಿದರು. ಮೂವರು ಮಾತ್ರ ನಕಲು ಚೀಟಿಯನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

"ಈಗ ಡಿಸ್ಕ್ ಅಳಿಸಿ ಸ್ಥಾಪಿಸುತ್ತೇನೆ" ಎಂದು ಪ್ರಶಿಕ್ಷಣಾರ್ಥಿ ಒಂದು ಗುಂಪಿನ ಪಟ್ಟಿಯನ್ನು ಪೂರ್ತಿ ಹರಿದುಹಾಕಿದರು. ಆ ಪಟ್ಟಿಯಲ್ಲಿ ಒಬ್ಬ ಹುಡುಗಿ 'ಅಜ್ಜಿಯ ಫೋಟೊ' ಎಂದು ಎರಡೂ ಕಡೆ ಅಂಟಿಸಿದ್ದಳು. "ಅಯ್ಯೋ, ಎರಡೂ ಹೋಯ್ತು" ಎಂದಳು. ತರಗತಿ ನಗಲಿಲ್ಲ. ಬೇರೆ ಗುಂಪಿನವರು ಯಾರೂ ಹೇಳದೆಯೇ ತಮ್ಮ ನಕಲು ಚೀಟಿಗಳನ್ನು ಡಿ ಭಾಗದಿಂದ ಕಿತ್ತು ಜೇಬಿಗೆ ಹಾಕಿಕೊಂಡರು. ಆ ಅವಧಿಯಲ್ಲಿ ಕಲಿಕೆ ನಡೆದ ಕ್ಷಣ ಅದು.

ಎರಡನೇ ಅವಧಿ: ಕಾರ್ಯವಿಧಾನ

ಕಪ್ಪು ಹಲಗೆ ಕಾರ್ಯವನ್ನು ಹೀಗೆ ಪರಿಷ್ಕರಿಸಿದೆವು.

1. ಪಟ್ಟಿ ಮಾಡುವುದು. ಯಾರ ಫೈಲು, ಯಾವ ಫೋಲ್ಡರ್ ಎಂದು ಕಾಗದದ ಮೇಲೆ ಬರೆಯಬೇಕು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಸೇರಿಸಬೇಕು. ನಮ್ಮ ಶಾಲೆಗಳಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಬೇಕಾದಷ್ಟಿವೆ. ಅವು ಯೂನಿಕೋಡ್ ಅಲ್ಲದ್ದರಿಂದ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತದ ಜೊತೆ ಫಾಂಟ್ ಫೈಲುಗಳನ್ನೂ ನಕಲು ಮಾಡಬೇಕು.

2. ಬೇರೆ ಸಾಧನಕ್ಕೆ ನಕಲು. ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್ ಬಳಸಬೇಕು. ಫ್ಯಾಟ್32 ಮಾದರಿಯ ಪೆನ್‌ಡ್ರೈವ್‌ನಲ್ಲಿ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದೇ ಫೈಲು ಹಿಡಿಸುವುದಿಲ್ಲ, ಅಂಥಲ್ಲಿ ಎಕ್ಸ್‌ಫ್ಯಾಟ್ ಬೇಕು. ಮುಖ್ಯ ದಾಖಲೆಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ರೂಢಿಯ ನಿಯಮ.

3. ಪರೀಕ್ಷಿಸುವುದು. ಮೂಲ ಮತ್ತು ನಕಲು ಫೋಲ್ಡರ್‌ಗಳ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಗಾತ್ರ ಹೋಲಿಸಬೇಕು. ಬಳಿಕ ಬೇರೊಂದು ಕಂಪ್ಯೂಟರ್‌ನಲ್ಲಿ ಒಂದು ಕನ್ನಡ ಕಡತ, ಒಂದು ಅಂಕಪಟ್ಟಿ, ಒಂದು ಫೋಟೊ ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಅನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬಾರದು.

4. ಸಾಧನವನ್ನು ಕಳಚಿಡುವುದು. ಅದು ಯಂತ್ರಕ್ಕೆ ಅಂಟಿಕೊಂಡೇ ಇದ್ದರೆ ಸ್ಥಾಪನೆಯ ವೇಳೆ ತಪ್ಪಿ ಅದನ್ನೇ ಆರಿಸುವ ಅಪಾಯವಿದೆ.

5. ವಿಂಡೋಸ್ ಸಿದ್ಧತೆ. ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಯನ್ನು ಬೇರೆಡೆ ಬರೆದಿಡಬೇಕು. ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಬೇಕು. ವಿಭಾಗದ ಗಾತ್ರ ಬದಲಿಸುವ ನಡುವೆ ಕರೆಂಟು ಹೋದರೆ ಹಾನಿಯಾಗಬಹುದು, ಆದ್ದರಿಂದ ಯುಪಿಎಸ್ ಇಲ್ಲದೆ ಮುಂದಿನ ಹಂತಕ್ಕೆ ಕೈಹಾಕಬಾರದು.

6. ಬದು ಸರಿಸುವುದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿ ಡ್ರೈವ್ ಮೇಲೆ ಬಲ ಗುಂಡಿ ಒತ್ತಿ 'ಶ್ರಿಂಕ್ ವಾಲ್ಯೂಮ್' ಆರಿಸಬೇಕು. ಅಳತೆಯನ್ನು ಎಂಬಿಯಲ್ಲಿ ಕೊಡಬೇಕು. 60 ಜಿಬಿಗೆ 60 × 1024 = 61,440. ಉಬುಂಟು 24.04ಕ್ಕೆ 25 ಜಿಬಿ ಸಾಕೆಂದಿದ್ದರೂ ಮುಂದಿನ ಬಳಕೆಗೆ ಜಾಗ ಬೇಕು. ಬಿಡುಗಡೆಯಾದ ಜಾಗವನ್ನು ಹಾಗೆಯೇ ಖಾಲಿ ಬಿಡಬೇಕು.

7. ಸ್ಥಾಪನೆ. ವಿಂಡೋಸ್ ಪಕ್ಕದಲ್ಲಿ ಸ್ಥಾಪಿಸುವ ಆಯ್ಕೆ ಬೇರೆ, ಡಿಸ್ಕ್ ಅಳಿಸುವ ಆಯ್ಕೆ ಬೇರೆ. ಕೊನೆಯ ಪುಟದಲ್ಲಿ ಬರುವ ಬದಲಾವಣೆಗಳ ಪಟ್ಟಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಾಗದದ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಅನುಮಾನ ಬಂದರೆ ಅಲ್ಲಿಗೇ ನಿಲ್ಲಿಸಿ ಹಿಂದಿರುಗಬೇಕು.

ಶಾಲೆಯ ಯಂತ್ರದಲ್ಲಿ ಮೊದಲ ನಾಲ್ಕು ಹಂತಗಳನ್ನು ಮಕ್ಕಳೇ ಮಾಡಿದರು. ಉಳಿದವನ್ನು ಕಾಗದದ ಪಟ್ಟಿಯ ಮೇಲೆ ಮಾಡಿಸಿದೆವು.

ಮೌಲ್ಯಮಾಪನ

ಹಂತಗಳನ್ನು ಪಟ್ಟಿ ಮಾಡಿಸುವ ಪ್ರಶ್ನೆ ಕೈಬಿಟ್ಟು ಈ ಮೂರನ್ನು ಕೇಳಿದೆವು.

- ಒಂದೇ ಡಿಸ್ಕ್ ಇರುವ ಯಂತ್ರದಲ್ಲಿ ಡಿ ಡ್ರೈವ್‌ಗೆ ಮಾಡಿದ ನಕಲು ಯಾವಾಗ ಉಪಯೋಗಕ್ಕೆ ಬರುತ್ತದೆ, ಯಾವಾಗ ಬರುವುದಿಲ್ಲ?
- ಬ್ಯಾಕಪ್ ಸರಿಯಾಗಿದೆ ಎಂದು ನಿನ್ನ ಗೆಳೆಯ ಹೇಳುತ್ತಾನೆ. ನಂಬುವ ಮೊದಲು ಏನು ನೋಡುತ್ತೀಯ?
- 40 ಜಿಬಿ ಖಾಲಿ ಮಾಡಲು ಎಷ್ಟು ಎಂಬಿ ಎಂದು ಬರೆಯಬೇಕು?

ಮೊದಲ ಪ್ರಶ್ನೆಗೆ ಬಂದ ಒಂದು ಉತ್ತರ: "ಸಿ ಮಾತ್ರ ಕೆಟ್ಟರೆ ಬರುತ್ತೆ, ಡಿಸ್ಕೇ ಕೆಟ್ಟರೆ ಬರಲ್ಲ." ಇದಕ್ಕಿಂತ ಸ್ಪಷ್ಟವಾದ ಉತ್ತರ ನಮ್ಮ ಪಾಠ ಯೋಜನೆಯಲ್ಲೂ ಇರಲಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಉಪಮೆಗೂ ಒಂದು ಮಿತಿಯಿದೆ. ಬದು ಕಿತ್ತರೂ ಪೈರು ಇದ್ದಲ್ಲೇ ಇರುತ್ತದೆ. ಡಿಸ್ಕ್ ವಿಭಾಗ ಅಳಿಸಿದಾಗ ಮಾಹಿತಿ ಸ್ವಲ್ಪ ಕಾಲ ಉಳಿದಿರಬಹುದು, ಆದರೆ ಅದರ ಮೇಲೆ ಹೊಸದು ಬರೆದ ಮೇಲೆ ಮರಳಿ ಸಿಗದು. ಎಸ್‌ಎಸ್‌ಡಿಗಳಲ್ಲಿ ಆ ಕಾಲಾವಕಾಶವೂ ಬಹಳ ಕಡಿಮೆ. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಿಯೇ ಉಪಮೆ ಮುಗಿಸಬೇಕು.

ಇಂಥ ಪಾಠ ಮಾಡುವವರು ಬೋಧನೆಗೆ ಮುಂಚೆ ಒಂದು ಕೆಲಸ ಮಾಡಬೇಕು: ತಮ್ಮ ಸ್ವಂತ ಪಾಠ ಯೋಜನೆಗಳ ನಕಲು ಎಲ್ಲಿದೆ ಎಂದು ಹುಡುಕಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ನಮ್ಮ ಚರ್ಚೆಯ ದಿನ ಹೀಗೆ ನೋಡಿದಾಗ ಆ ಪ್ರಶಿಕ್ಷಣಾರ್ಥಿಯ ಎಲ್ಲ ಪಾಠ ಯೋಜನೆಗಳೂ ಡಿ ಡ್ರೈವ್‌ನಲ್ಲಿದ್ದವು. ನನ್ನ ಅವಲೋಕನ ಪತ್ರಗಳು ಡೆಸ್ಕ್‌ಟಾಪ್ ಮೇಲಿದ್ದವು.